ಹಿತ್ತಲಲ್ಲಿ ತೊರೆ, ಕೈಯಲ್ಲಿ ಕೌನ್ಸಿಲ್ ಪತ್ರ: ಪುರಾತತ್ವ ಸಲಹೆಗಾರರನ್ನು ಕೇಳಿ

ಅಡ್ಮಿನ್: ಈ ವಾರ ಉತ್ತರ ಕೊಡುವವರು ಬಳ್ಳಾರಿ ಕಡೆಯ ಮೇಡಂ. ಸಿಡ್ನಿಯಲ್ಲಿ ಹದಿಮೂರು ವರ್ಷದಿಂದ ಪುರಾತತ್ವ ಸಲಹೆಗಾರರು. ಜಾಗ, ಮನೆ, ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ವಿಷಯ ಇದ್ದರೆ ಕೇಳಿ.

ಪ್ರಶ್ನೆ (ಪಶ್ಚಿಮ ಸಿಡ್ನಿ): ಮೇಡಂ, ನಮಸ್ಕಾರ. ಮೂರು ಮನೆಯವರು ಸೇರಿ ಐದು ಎಕರೆ ತಗೊಂಡಿದ್ದೇವೆ. ಹಿಂದೆ ಸೌತ್ ಕ್ರೀಕ್‌ಗೆ ಸೇರುವ ಸಣ್ಣ ತೊರೆ ಇದೆ. ಭಾಗ ಮಾಡಿ ಕಟ್ಟೋಣ ಅಂತ ಅರ್ಜಿ ಹಾಕಿದರೆ, ಕೌನ್ಸಿಲ್‌ನವರು ಅಬೊರಿಜಿನಲ್ (ಮೂಲನಿವಾಸಿ) ಪರಂಪರೆಯ ವರದಿ ಕೇಳಿದ್ದಾರೆ. ಬಿಲ್ಡರ್ ಮಾತ್ರ ‘ಸರ್ಕಾರಿ ಪಟ್ಟೀಲಿ ಹುಡುಕಿದೆ, ಏನೂ ಇಲ್ಲ, ಇದು ಬರೀ ಶಾಸ್ತ್ರಕ್ಕೆ’ ಅಂತಾನೆ. ನಿಜಾನಾ?

ಉತ್ತರ: ಪಟ್ಟಿಯಲ್ಲಿ ಇಲ್ಲ ಅಂದರೆ ಜಾಗದಲ್ಲೂ ಇಲ್ಲ ಅಂತಲ್ಲ, ಅಲ್ಲಿ ಯಾರೂ ಹುಡುಕದೇ ಇರಬಹುದು, ಅಷ್ಟೇ. ಎಹಿಮ್ಸ್ ಅನ್ನೋ ಆ ದಾಖಲೆಯಲ್ಲಿ ಇರೋದು ಯಾರೋ ಹೋಗಿ ನೋಡಿ ಬರೆಸಿದ ತಾಣಗಳು ಮಾತ್ರ. ರಸ್ತೆ, ಬಡಾವಣೆ ಆದ ಕಡೆ ನಕ್ಷೆಯಲ್ಲಿ ತಾಣದ ಚುಕ್ಕಿಗಳು ತುಂಬಿರುತ್ತವೆ, ಯಾಕಂದರೆ ಅಲ್ಲಿ ಸಮೀಕ್ಷೆ ಆಗಿದೆ. ಪಕ್ಕದ ಖಾಸಗಿ ಹುಲ್ಲುಗಾವಲು ಖಾಲಿ ಕಾಣುತ್ತೆ.

ನ್ಯೂ ಸೌತ್ ವೇಲ್ಸ್‌ನಲ್ಲಿ 1974ರ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಕಾಯ್ದೆಯ ಪ್ರಕಾರ, ಮೂಲನಿವಾಸಿಗಳು ಕೆತ್ತಿದ ಒಂದೇ ಒಂದು ಕಲ್ಲಿನ ಚಕ್ಕೆಗೂ ರಕ್ಷಣೆ ಇದೆ. ಗೊತ್ತಿಲ್ಲದೆ ಹಾಳು ಮಾಡಿದರೂ ತಪ್ಪೇ. (ವನ್ಯಜೀವಿ ಕಾಯ್ದೆಯೊಳಗೆ ಮನುಷ್ಯರ ಚರಿತ್ರೆ ಯಾಕಿದೆ ಅಂತ ಇಲ್ಲಿನ ಹಿರಿಯರು ಇವತ್ತಿಗೂ ಸಿಟ್ಟಾಗ್ತಾರೆ. ನ್ಯಾಯವಾದ ಸಿಟ್ಟು.) ‘ನೋಡಬೇಕಾದಷ್ಟು ನೋಡಿದ್ದೆ’ ಅಂತ ತೋರಿಸಿದರೆ ಕಾನೂನು ನಿಮ್ಮ ಪರ ನಿಲ್ಲುತ್ತೆ. ಹೇಗೆ ನೋಡಬೇಕು ಅನ್ನೋದಕ್ಕೆ 2010ರ ಸಂಹಿತೆ ಇದೆ. ನೀರಿನಿಂದ 200 ಮೀಟರ್ ಒಳಗೆ, ಮರಳು ದಿಬ್ಬ, ಗುಡ್ಡದ ನೆತ್ತಿ, ಬಂಡೆಯ ಅಂಚು, ಗುಹೆಯ ಬಾಯಿ, ಇಂಥ ಕಡೆ ಮಣ್ಣು ಕದಡದೆ ಉಳಿದಿದ್ದರೆ ಸುಮ್ಮನೆ ದಾಟಿ ಹೋಗೋ ಹಾಗಿಲ್ಲ. ನಿಮ್ಮ ತೊರೆ ಅಲ್ಲೇ ಸಿಕ್ಕಿಬಿತ್ತು.

ಸೌತ್ ಕ್ರೀಕ್‌ಗೆ ಆ ಸೀಮೆಯ ಮೂಲನಿವಾಸಿಗಳಾದ ಧರುಗ್ ಜನರ ಹೆಸರು ವಿಯಾನಮಟ್ಟ. ಆ ಬಯಲಲ್ಲಿ ಸಿಲ್ಕ್ರೀಟ್ ಅನ್ನೋ ಗಟ್ಟಿ ಕಲ್ಲು ಸಿಗುತ್ತೆ. ಬೆಂಕಿಯಲ್ಲಿ ಹದವಾಗಿ ಕಾಯಿಸಿದರೆ ಕೆಂಪಾಗಿ, ಏಟಿಗೆ ಸಲೀಸಾಗಿ ಚಕ್ಕೆ ಏಳುತ್ತೆ. ಸಾವಿರಾರು ವರ್ಷ ಜನ ತೊರೆಯ ಪಕ್ಕದ ಎತ್ತರದಲ್ಲಿ ಕೂತು ಉಪಕರಣ ಮಾಡಿದ್ದಾರೆ. ನಾನಾಗಿದ್ದರೆ ಮೊದಲು ನೋಡೋದು ತೊರೆಯ ದಂಡೆ ಅಲ್ಲ, ಅದಕ್ಕಿಂತ ಸ್ವಲ್ಪ ಮೇಲೆ ನೆರೆ ನೀರು ಬಾರದ ಸಮತಟ್ಟು ಜಾಗ. ನಿಮ್ಮ ಪ್ಲಾನ್‌ನಲ್ಲಿ ಮನೆ ಬಂದಿರೋದೂ ಅಲ್ಲೇ ಇರಬೇಕು. ಒಳ್ಳೇ ಜಾಗ ಎಲ್ಲ ಕಾಲಕ್ಕೂ ಒಳ್ಳೇ ಜಾಗ ನೋಡಿ.

ಪ್ರಶ್ನೆ (ಅವರೇ): ಹೌದು ಮೇಡಂ, ಅಲ್ಲೇ ಇದೆ! ಹಾಗಾದರೆ ಏನು ಮಾಡ್ತೀರಿ? ಎಷ್ಟು ದಿನ?

ಉತ್ತರ: ನಡೆದು ನೋಡ್ತೇವೆ. ಅನುಮಾನ ಬಂದರೆ ಅರ್ಧ ಮೀಟರ್ ಚೌಕದ ಗುಂಡಿ ತೆಗೆದು, ಮಣ್ಣನ್ನೆಲ್ಲ 5 ಮಿ.ಮೀ. ಜರಡಿ ಹಿಡೀತೇವೆ. ಜೊತೆಗೆ ಅಲ್ಲಿನ ಮೂಲನಿವಾಸಿ ಪ್ರತಿನಿಧಿಗಳು ಇರ್ತಾರೆ. ಆ ವಸ್ತುವಿಗೆ ವಿಜ್ಞಾನದ ಬೆಲೆ ಎಷ್ಟು ಅಂತ ನಾನು ಹೇಳಬಲ್ಲೆ. ಆ ಜಾಗ ಅವರಿಗೆ ಏನು ಅನ್ನೋದನ್ನ ಅವರೇ ಹೇಳಬೇಕು.

ಹಾನಿ ತಪ್ಪಿಸೋಕೆ ಆಗಲ್ಲ ಅಂದರೆ ಸರ್ಕಾರದ ಪರವಾನಗಿ ಬೇಕು. ಅದಕ್ಕೆ ನಿಗದಿಯಾದ ಸಮಾಲೋಚನೆ ಇದೆ: ಆಸಕ್ತರು ಹೆಸರು ಕೊಡೋಕೆ ಕನಿಷ್ಠ 14 ದಿನ, ಕೆಲಸದ ವಿಧಾನ ಓದಿ ಅಭಿಪ್ರಾಯ ಹೇಳೋಕೆ 28 ದಿನ, ಕರಡು ವರದಿಗೆ ಮತ್ತೆ 28 ದಿನ. ಬರೀ ಕಾಯೋದೇ 70 ದಿನ ಆಯ್ತು. ಕೆಲಸದ ದಿನ, ಸರ್ಕಾರದ ಮೇಜಿನ ದಿನ ಬೇರೆ. ಹಣ ಕೊಟ್ಟು ಇದನ್ನು ಕಡಿಮೆ ಮಾಡಿಸ್ತೇನೆ ಅನ್ನೋರು ಸಿಕ್ಕರೆ ದೂರ ಇರಿ.

ಅದಕ್ಕೇ ಹೇಳೋದು, ನಕ್ಷೆ ಹಾಕೋಕೆ ಮುಂಚೆ ಕರೀರಿ. ಆಗ ‘ಮನೆಯನ್ನು ಮೂವತ್ತು ಮೀಟರ್ ಆ ಕಡೆ ತಗೊಳ್ಳಿ, ಈ ತುಂಡನ್ನು ತೋಟಕ್ಕೆ ಬಿಡಿ’ ಅಂದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತೆ. ಒಬ್ಬ ಗಿರಾಕಿ ನನ್ನನ್ನು ಕರೆದದ್ದು ಬುಲ್‌ಡೋಜರ್ ಓಡಿಸಿದ ಮೇಲೆ. ಮಣ್ಣಿನ ಗುಡ್ಡೆಯಲ್ಲಿ ಕೆಂಪು ಚಕ್ಕೆಗಳು ಮಿನುಗ್ತಾ ಇದ್ದವು. ಯಾವ ಪದರದ್ದು, ಯಾವುದರ ಪಕ್ಕ ಯಾವುದಿತ್ತು, ಹೇಳೋಕೆ ಏನೂ ಉಳಿದಿರಲಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಅವತ್ತು ನಾನು ಬರೆದದ್ದು ವರದಿ ಅಲ್ಲ, ಪಂಚನಾಮೆ.

ಪ್ರಶ್ನೆ (ಬ್ಲ್ಯಾಕ್‌ಟೌನ್): ಅಕ್ಕಾ, ಕೇಳೋಕೆ ಮುಜುಗರ. ಏನಾದರೂ ಸಿಕ್ಕಿದರೆ ಜಾಗ ನಮ್ಮ ಕೈ ತಪ್ಪುತ್ತಂತೆ, ಮೂಲನಿವಾಸಿಗಳು ಕ್ಲೇಮ್ ಹಾಕ್ತಾರಂತೆ. ಅದಕ್ಕೇ ಸಿಕ್ಕಿದ್ದನ್ನು ಮುಚ್ಚಿಹಾಕೋದೇ ಮೇಲು ಅಂತ ಸ್ನೇಹಿತರು ಅಂದರು.

ಉತ್ತರ: ಈ ಗಾಳಿಮಾತು ನಮ್ಮವರ ಪ್ರತಿ ಗೃಹಪ್ರವೇಶದಲ್ಲೂ ಕೇಳಿದ್ದೇನೆ. ಕಡ್ಡಿ ಮುರಿದ ಹಾಗೆ ಹೇಳ್ತೇನೆ: ಇಲ್ಲ. ನಿಮ್ಮದು ಫ್ರೀಹೋಲ್ಡ್ (ಪೂರ್ತಿ ಸ್ವಂತದ) ಜಾಗ, ಅದರ ಮೇಲೆ ನೇಟಿವ್ ಟೈಟಲ್, ಅಂದರೆ ಮೂಲನಿವಾಸಿಗಳ ಪಾರಂಪರಿಕ ಭೂಹಕ್ಕು, ನಿಲ್ಲಲ್ಲ. 1983ರ ಭೂ ಹಕ್ಕು ಕಾಯ್ದೆಯಲ್ಲಿ ಕ್ಲೇಮ್ ಹಾಕೋಕಾಗೋದು ಬಳಕೆಯಲ್ಲಿಲ್ಲದ ಸರ್ಕಾರಿ ಜಮೀನಿನಂಥದ್ದಕ್ಕೆ ಮಾತ್ರ. ಕಲ್ಲು ಸಿಕ್ಕಿತು ಅಂತ ಯಾರೂ ಮನೆ ಕಿತ್ತುಕೊಂಡಿಲ್ಲ. ಮುಚ್ಚಿಹಾಕೋದು ಅಪರಾಧ, ಅಷ್ಟೇ. ಮನುಷ್ಯರ ಮೂಳೆ ಕಂಡರಂತೂ ಮುಟ್ಟಬೇಡಿ. ಕೆಲಸ ನಿಲ್ಲಿಸಿ, ಮೊದಲು ಪೊಲೀಸರಿಗೆ, ಆಮೇಲೆ ರಾಜ್ಯದ ಪರಂಪರೆ ಕಚೇರಿಯಾದ ಹೆರಿಟೇಜ್ ಎನ್‌ಎಸ್‌ಡಬ್ಲ್ಯೂಗೆ ಫೋನ್ ಮಾಡಿ.

ಪ್ರಶ್ನೆ (ಪ್ಯಾರಮಟ್ಟಾ): ನಮ್ಮ ಹಳೇ ಮನೆಯ ಹಿಂದೆ ಅಗೆದಾಗ ಇಟ್ಟಿಗೆಯ ಬಾವಿ, ಬಾಟಲಿ, ನೀಲಿ ಚಿತ್ರದ ಪಿಂಗಾಣಿ ಚೂರು ಸಿಕ್ಕಿವೆ. ಮಗ ತೊಳೆದು ಶೋಕೇಸಲ್ಲಿ ಇಟ್ಟಿದ್ದಾನೆ. ಇದು ಮೂಲನಿವಾಸಿಗಳದ್ದಲ್ಲವಲ್ಲ, ತೊಂದರೆ ಇಲ್ಲ ತಾನೇ?

ಉತ್ತರ: ತೊಂದರೆ ಇದೆ ಸರ್, ಕಾಯ್ದೆ ಬೇರೆ ಅಷ್ಟೇ. ವಸಾಹತು ಕಾಲದ ಅವಶೇಷ ಬರೋದು 1977ರ ಹೆರಿಟೇಜ್ ಕಾಯ್ದೆ ಕೆಳಗೆ. ಸ್ಥಳೀಯ ಮಹತ್ವ ಇದ್ದರೂ ಸಾಕು, ಅನುಮತಿ ಇಲ್ಲದೆ ಅಗೆಯೋ ಹಾಗಿಲ್ಲ. ಸಿಕ್ಕಿದ್ದನ್ನು ತಿಳಿಸಲೇಬೇಕು. ಬಾವಿಯನ್ನು ಇನ್ನು ಮುಟ್ಟಬೇಡಿ. ನೀರು ಬತ್ತಿದ ಬಾವಿ, ಹಳೇ ಪಾಯಿಖಾನೆ ಗುಂಡಿ ಅಂದರೆ ನಮಗೆ ಖಜಾನೆ, ಯಾಕಂದರೆ ಮನೆಯವರು ಒಡೆದದ್ದು, ತಿಂದದ್ದು, ಬಚ್ಚಿಟ್ಟದ್ದು ಎಲ್ಲ ಪದರಪದರವಾಗಿ ಅಲ್ಲೇ ಬಿದ್ದಿರುತ್ತೆ. ಸಿಡ್ನಿಯ ರಾಕ್ಸ್ ಅನ್ನೋ ಹಳೇ ಬಡಾವಣೆಯಲ್ಲಿ 1994ರಲ್ಲಿ ಅಗೆದಾಗ ಏಳೂವರೆ ಲಕ್ಷದಷ್ಟು ವಸ್ತು ಸಿಕ್ಕವು. ಆಮೇಲೆ ಅದರ ಮೇಲೆ ಕಂಬ ನಿಲ್ಲಿಸಿ ಹಾಸ್ಟೆಲ್ ಕಟ್ಟಿದರು, ಹಳೇ ಮನೆಗಳ ಅಡಿಪಾಯ ಕೆಳಗೆ ಹಾಗೇ ಇದೆ. ಊರಿಂದ ಬಂದವರನ್ನು ಓಪೆರಾ ಹೌಸ್ ತೋರಿಸಿ ವಾಪಸ್ ಕರಕೊಂಡು ಹೋಗೋ ದಾರೀಲಿ ಅಲ್ಲಿಗೂ ಹೋಗಿ. ಮಗನಿಗೆ ಬೈಯಬೇಡಿ, ಯಾವ ಚೂರು ಎಲ್ಲಿ ಸಿಕ್ಕಿತು ಅಂತ ಇವತ್ತೇ ಕೂತು ಬರೆಸಿ.

ಪ್ರಶ್ನೆ (ಮೆಲ್ಬರ್ನ್): ಇಲ್ಲೂ ಇದೇನಾ? ತೊರೆ ಹತ್ತಿರದ ಜಾಗದಲ್ಲಿ ನಾಲ್ಕು ಯುನಿಟ್ ಹಾಕಬೇಕು.

ಉತ್ತರ: ವಿಕ್ಟೋರಿಯಾದಲ್ಲಿ 2006ರ ಅಬೊರಿಜಿನಲ್ ಹೆರಿಟೇಜ್ ಕಾಯ್ದೆ. ಹೆಸರಿರುವ ತೊರೆಯ 200 ಮೀಟರ್ ಒಳಗೆ ಮೂರು ಅಥವಾ ಹೆಚ್ಚು ಮನೆ ಅಂದರೆ ಸಾಮಾನ್ಯವಾಗಿ ಪರಂಪರೆ ನಿರ್ವಹಣಾ ಯೋಜನೆ ಕಡ್ಡಾಯ. ಚಿಕ್ಕ ನಿವೇಶನಕ್ಕೆ, ಪೂರ್ತಿ ಕದಡಿದ ಜಾಗಕ್ಕೆ ವಿನಾಯಿತಿ ಉಂಟು, ಪ್ಲಾನರ್ ಹತ್ತಿರ ವಿಚಾರಿಸಿ. ದೊಡ್ಡ ವ್ಯತ್ಯಾಸ ಏನಂದರೆ ಆ ಪ್ರದೇಶಕ್ಕೆ ನೋಂದಾಯಿತ ಮೂಲನಿವಾಸಿ ಸಂಸ್ಥೆ ಇದ್ದರೆ ಯೋಜನೆಯನ್ನು ಒಪ್ಪೋದು, ಬಿಡೋದು ಅವರ ಕೈಯಲ್ಲಿ. ನನ್ನ ಮಟ್ಟಿಗೆ ಅದೇ ಸರಿ.

ಪ್ರಶ್ನೆ (ಬೆಂಗಳೂರಿನಿಂದ ಓದುತ್ತಿರುವವರು): ಕ್ಷಮಿಸಿ, ನಾಲ್ಕು ಕಲ್ಲಿಗೆ ಇಷ್ಟು ಗಲಾಟೆಯಾ? ಕೊನೆಗೆ ಹಣ ಕೊಟ್ಟವರಿಗೆ ಬೇಕಾದ ಹಾಗೆ ಬರೆದುಕೊಡೋದೇ ನಿಮ್ಮ ಕೆಲಸ ಅಂತಾರಲ್ಲ?

ಉತ್ತರ: ಎರಡನೇ ಮಾತು ಚುಚ್ಚುತ್ತೆ, ಆದರೂ ಕೇಳಬೇಕಾದ್ದೇ. ಫೀಸು ಕೊಡೋದು ಕಟ್ಟುವವರು ಅನ್ನೋದು ನಿಜ. ವರದಿ ಸುಳ್ಳಾಗದಿದ್ದರೂ ತಡವಾಗಬಹುದು, ಅಪಾಯ ಇರೋದು ಅಲ್ಲೇ.

ಜೂಕನ್ ಗಾರ್ಜ್ ನೋಡಿ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ, ಪುಟು ಕುಂಟಿ ಕುರ್ರಾಮ ಮತ್ತು ಪಿನಿಕುರ ಜನರ ನೆಲದಲ್ಲಿ, 46,000 ವರ್ಷ ಹಿಂದಿನಿಂದ ಮನುಷ್ಯರು ಬಳಸಿದ ಕಲ್ಲಾಸರೆಗಳು. ಅಲ್ಲಿ ಕಬ್ಬಿಣದ ಅದಿರು ತೆಗೆಯೋಕೆ ರಿಯೋ ಟಿಂಟೋ ಅನ್ನೋ ಗಣಿ ಕಂಪನಿಗೆ 2013ರಲ್ಲೇ ಸರ್ಕಾರದ ಒಪ್ಪಿಗೆ ಸಿಕ್ಕಿತ್ತು. ‘ಹೋಗೋದಕ್ಕೆ ಮುಂಚೆ ಉಳಿಸಿಕೊಳ್ಳೋಣ’ ಅಂತ ಪುರಾತತ್ವಜ್ಞರು ಅಗೆದದ್ದು 2014ರಲ್ಲಿ. ಆಗ ಸಿಕ್ಕಿದ್ದು ಸುಮಾರು 7,000 ವಸ್ತು. ಅದರಲ್ಲಿ 4,000 ವರ್ಷ ಹಳೆಯ, ಮನುಷ್ಯರ ಕೂದಲಿಂದ ಹೆಣೆದ ಪಟ್ಟಿಯ ತುಣುಕು. ಆ ಕೂದಲು ಇವತ್ತಿನ ಅದೇ ಜನರ ಪೂರ್ವಜರದ್ದು ಅಂತ ಡಿಎನ್‌ಎ ಹೇಳಿತು. ಇಷ್ಟು ಗೊತ್ತಾಗೋ ಹೊತ್ತಿಗೆ ಅನುಮತಿ ಹಳೇದಾಗಿತ್ತು, ಹೊಸ ವಿಷಯ ಬಂತು ಅಂತ ಅದನ್ನು ಮತ್ತೆ ತೂಗಿಸೋ ದಾರಿ ಆ ಜನರಿಗೆ ಅಲ್ಲಿನ 1972ರ ಪರಂಪರೆ ಕಾಯ್ದೆಯಲ್ಲಿ ಇರಲಿಲ್ಲ. 2020ರ ಮೇ 24ರಂದು ಸಿಡಿಸಿದರು. ಕಾನೂನು ಪ್ರಕಾರವೇ! ಆಮೇಲೆ ಸಂಸತ್ತಿನ ವಿಚಾರಣೆ ನಡೆಯಿತು, ಕಂಪನಿಯ ಮುಖ್ಯಸ್ಥರೂ ಕುರ್ಚಿ ಬಿಟ್ಟರು. ಕೂತು ಅಡುಗೆ ಮಾಡಿದ ಜಾಗ ಮಾತ್ರ ಇಲ್ಲ.

ಇನ್ನು ನಾಲ್ಕು ಕಲ್ಲಿನ ಮಾತು. ಸಿಡ್ನಿ ಸುತ್ತ ಮರಳುಗಲ್ಲಿನ ಹಾಸಿನಲ್ಲಿ, ನೀರು ನಿಲ್ಲುವ ಗುಂಡಿಯ ಪಕ್ಕ, ಉದ್ದುದ್ದ ಗುಳಿಗಳಿರುತ್ತವೆ. ಕೊಡಲಿ ಮಸೆದ ಗುರುತು. ಮೊದಲ ಸಲ ಅದಕ್ಕೆ ಕೈ ಇಟ್ಟಾಗ ನನಗೆ ಸಂಗನಕಲ್ಲು ನೆನಪಾಯ್ತು. ನಮ್ಮ ಬಳ್ಳಾರಿಯ ಆ ಗುಡ್ಡದಲ್ಲೂ ನವಶಿಲಾಯುಗದವರು ಕೊಡಲಿ ಮಸೆದ ಗುಳಿಗಳಿವೆ. ಚಿಕ್ಕವಳಿದ್ದಾಗ ಅದರಲ್ಲಿ ಮಳೆನೀರು ತುಂಬಿರೋದನ್ನು ನೋಡ್ತಾ ಕೂತದ್ದುಂಟು. ಆ ಗುಡ್ಡದ ಸುತ್ತ ಕಲ್ಲುಗಣಿ ನುಂಗಿದ್ದನ್ನೂ ನೋಡಿದ್ದೇನೆ. ಅದು ನಿಮಗೂ ನಾಲ್ಕು ಕಲ್ಲೇ ಆಗಿದ್ದರೆ ನನ್ನ ಹತ್ತಿರ ಉತ್ತರ ಇಲ್ಲ ಸರ್.

ಪ್ರಶ್ನೆ (ಐದು ಎಕರೆಯವರು ಮತ್ತೆ): ಮೇಡಂ, ಮೂರು ಮನೆಯವರೂ ಮಾತಾಡಿದೆವು. ಅರ್ಜಿ ವಾಪಸ್ ತಗೊಂಡು ಮನೆ ಜಾಗ ಬದಲಾಯಿಸೋಣ ಅಂತಿದ್ದೇವೆ. ಬಿಲ್ಡರ್ ಮುಖ ಊದಿಸಿದ್ದಾನೆ.

ಉತ್ತರ: ಅರ್ಜಿ ವಾಪಸ್ ತಗೊಳ್ಳೋಕೆ ಮುಂಚೆ ಕೌನ್ಸಿಲ್ ಪ್ಲಾನರ್‌ಗೆ ಒಂದು ಫೋನ್ ಮಾಡಿ. ನಕ್ಷೆ ತಿದ್ದಿ ಕೊಡೋಕೆ ಅವಕಾಶ ಇದ್ದರೆ ಫೀಸು ಉಳಿಯುತ್ತೆ. ಹೊಸ ನಕ್ಷೆ ಪೆನ್ಸಿಲಲ್ಲೇ ಇರಲಿ. ನಡೆದು ನೋಡೋಕೆ ಯಾರನ್ನು ಕರೆದರೂ ಸರಿ, ಮಳೆ ಬಂದು ಹುಲ್ಲು ಏಳೋಕೆ ಮುಂಚೆ ಕರೀರಿ. ಹುಲ್ಲು ಮೊಣಕಾಲುದ್ದ ಬೆಳೆದರೆ ಕಲ್ಲಿರಲಿ, ಹಾವೂ ಕಾಣಲ್ಲ.