ಅಪ್‌ಡೇಟ್: ಲೋಕಲ್ ಟ್ರೈನಿನಲ್ಲಿ ಸೈಕಲ್ ಉರುಳದಂತೆ ನಿಲ್ಲಿಸುವುದು

ಊರಾಚೆಯ ಟ್ರೇಲ್‌ಗೆ ಲೋಕಲ್ ಟ್ರೈನಲ್ಲಿ ಹೋಗುವಾಗ ಸೈಕಲ್ ಹಿಂದೆ ಮುಂದೆ ಉರುಳುತ್ತೆ, ಏನು ಮಾಡೋದು ಅಂತ ಕೇಳಿದ್ದೆ. ಕೆಲಸಕ್ಕೆ ಬಂದದ್ದು ವೆಲ್ಕ್ರೋ ಪಟ್ಟಿ. ಮುಂದಿನ ಬ್ರೇಕ್ ಲಿವರನ್ನು ಹಿಡಿಯತ್ತ ಎಳೆದು ಬಿಗಿಯಾಗಿ ಸುತ್ತಿದರೆ ಚಕ್ರ ಕದಲಲ್ಲ. ಹೇಳಿಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.

ಸ್ಟ್ಯಾಂಡ್ ಒಂದನ್ನೇ ನಂಬಬೇಡಿ, ಟ್ರೈನ್ ತಿರುವಿನಲ್ಲಿ ವಾಲಿದಾಗ ಸೈಕಲ್ ಮಗುಚುತ್ತೆ. ಮುಂದಿನ ಚಕ್ರ ಬಿಚ್ಚಿಡಿ ಅಂತ ಕೊಡುವ ಸಲಹೆ ಹೈಡ್ರಾಲಿಕ್ (ದ್ರವದ ಒತ್ತಡದಿಂದ ನಡೆಯುವ) ಡಿಸ್ಕ್ ಬ್ರೇಕಿಗೆ ಅಷ್ಟು ಸರಿಹೋಗಲ್ಲ: ಚಕ್ರ ಇಲ್ಲದಾಗ ಲಿವರ್ ಒತ್ತಿಹೋದರೆ ಬ್ರೇಕ್ ಪ್ಯಾಡುಗಳು ಹತ್ತಿರ ಬಂದುಬಿಟ್ಟು, ಆಮೇಲೆ ರೋಟರ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ) ಒಳಗೆ ತೂರಲ್ಲ. ಬಿಚ್ಚಲೇಬೇಕಿದ್ದರೆ ಪ್ಯಾಡುಗಳ ನಡುವೆ ಮಡಚಿದ ರಟ್ಟು ಸಿಕ್ಕಿಸಿಡಿ.

ಹೊಸದಾಗಿ ತಿಳಿದದ್ದು: ಚೈನ್ ಇರುವ ಬದಿಯನ್ನು ಗೋಡೆಯ ಕಡೆ ಮಾಡಿದರೆ ಯಾರ ಬಟ್ಟೆಗೂ ಗ್ರೀಸ್ ಹತ್ತಲ್ಲ. ಆದರೆ ಒರಗುವುದು ಹ್ಯಾಂಡಲ್, ಸೀಟಿನ ಮೇಲಿರಲಿ. ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮೇಲೆ ಭಾರ ಬಿದ್ದರೆ ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗಿ ಗೇರ್ ಸರಿಯಾಗಿ ಬೀಳಲ್ಲ.