ಸಹಾಯ ಬೇಕು: ಸ್ಟ್ರಾಬೆರಿ ಸ್ವಿಚ್‌ಬ್ಲೇಡ್ ಜೋಡಿಯನ್ನು ಹೊಸಬರಿಗೆ ಕೇಳಿಸುವುದು ಹೇಗೆ?

ನಮಸ್ಕಾರ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪಾಪ್ ಗಾಯಕಿಯರಾದ ಜಿಲ್ ಬ್ರೈಸನ್ ಮತ್ತು ರೋಸ್ ಮೆಕ್‌ಡೊವಾಲ್ ಅವರ ‘ಸ್ಟ್ರಾಬೆರಿ ಸ್ವಿಚ್‌ಬ್ಲೇಡ್’ ಜೋಡಿಯ ಹಾಡುಗಳನ್ನು ನಮ್ಮ ಐದಾರು ಗೆಳೆಯರ ಕೂಟಕ್ಕೆ ಕೇಳಿಸಲು ಎರಡು ಸಲ ಪ್ರಯತ್ನಿಸಿ ಸೋತಿದ್ದೇನೆ.

ಮೊದಲ ಸಲ, 1985ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೇರಿದ ‘ಸಿನ್ಸ್ ಯೆಸ್ಟರ್‌ಡೇ’ ಹಾಕಿದೆ. ಫಿನ್ಲೆಂಡಿನ ಶಾಸ್ತ್ರೀಯ ಸಂಗೀತ ಸಂಯೋಜಕ ಸಿಬೇಲಿಯಸ್ ಅವರ ಐದನೆಯ ಸಿಂಫನಿಯಿಂದ ಎತ್ತಿಕೊಂಡ ಆರಂಭದ ತುತ್ತೂರಿಯ ಮೊಳಗು ಕೇಳುತ್ತಲೇ ಎಲ್ಲರೂ ತಲೆದೂಗಿದರು. ಆದರೆ ಚುಕ್ಕಿ ಚುಕ್ಕಿ ಉಡುಪು ತೊಟ್ಟು, ಕೂದಲ ತುಂಬ ರಿಬ್ಬನ್ ಕಟ್ಟಿ, ಕಣ್ಣಿಗೆ ದಟ್ಟ ಕಪ್ಪು ಬಳಿದುಕೊಂಡ ಅವರ ಚಿತ್ರ ತೋರಿಸಿದೊಡನೆ ‘ಮಕ್ಕಳ ಹಾಡು’ ಎಂದು ನಕ್ಕುಬಿಟ್ಟರು. ಎರಡನೆಯ ಸಲ 1983ರ ‘ಟ್ರೀಸ್ ಅಂಡ್ ಫ್ಲವರ್ಸ್’ ಹಾಕುವ ಮುನ್ನ, ಅದು ಪ್ರಕೃತಿಗೀತೆಯಲ್ಲ, ಮನೆಯಿಂದ ಹೊರಗೆ ಕಾಲಿಡಲು ಅಂಜಿಸುವ ಜಿಲ್ ಅವರ ಅಗೊರಾಫೋಬಿಯಾದಿಂದ ಹುಟ್ಟಿದ್ದು ಎಂದು ವಿವರಿಸಿದೆ. ಆಗ ರೋಗದ ಬಗ್ಗೆಯೇ ಚರ್ಚೆ ನಡೆಯಿತೇ ಹೊರತು ರಾಗವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. (ತಪ್ಪು ನನ್ನದೇ, ನನಗೆ ವಿವರಣೆಯ ಚಟ.)

ಒಂದೇ ಆಲ್ಬಂ ಮಾಡಿ 1986ರಲ್ಲಿ ಬೇರೆಯಾದ ಈ ಜೋಡಿಯ ಸೊಗಸಿರುವುದೇ ಸಿಹಿ ರಾಗದಡಿಯ ಕತ್ತಲಿನಲ್ಲಿ ಎಂದು ನನ್ನ ಅನಿಸಿಕೆ. ಮುಂದಿನ ಭಾನುವಾರ ಮೂರೇ ಹಾಡಿಗೆ ಸಮಯ ಸಿಕ್ಕಿದೆ. ಈ ಎರಡರ ಜೊತೆಗೆ ‘ಡೀಪ್ ವಾಟರ್’ ಹಾಕಲೇ, ‘ಬೀಯಿಂಗ್ ಕೋಲ್ಡ್’ ಹಾಕಲೇ? ಹಿನ್ನೆಲೆಯನ್ನು ಹಾಡಿಗೆ ಮೊದಲು ಹೇಳಬೇಕೇ, ಮುಗಿದ ಮೇಲೆಯೇ?