ಘನೀಕರಿಸಿದ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾದ ಪ್ರಮಾಣವನ್ನು ಅಳೆಯುವ ಬಗೆ

ಪ್ರಶ್ನೆ: ಘನೀಕರಿಸಿಟ್ಟ ಸ್ನಾಯು ಮಾದರಿಗಳಲ್ಲಿ ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ಒದಗಿಸುವ ಅಂಗಕಗಳು) ಎಷ್ಟಿದೆ ಎಂಬುದನ್ನು ಹೋಲಿಸಬೇಕಾಗಿದೆ. ಮೈಟೊಕಾಂಡ್ರಿಯಾದ ಡಿಎನ್‌ಎ ಪ್ರತಿಗಳನ್ನು ಕ್ಯೂಪಿಸಿಆರ್ (ಡಿಎನ್‌ಎಯನ್ನು ವರ್ಧಿಸುತ್ತಾ ಅದರ ಪ್ರಮಾಣ ಅಳೆಯುವ ವಿಧಾನ) ಮೂಲಕ ಎಣಿಸಿದರೆ ಸಾಕೇ?

ಉತ್ತರ 1: ಅದೊಂದೇ ಸಾಲದು. ಒಂದೊಂದು ಮೈಟೊಕಾಂಡ್ರಿಯನ್‌ನಲ್ಲಿರುವ ಡಿಎನ್‌ಎ ಪ್ರತಿಗಳ ಸಂಖ್ಯೆ ಸ್ಥಿರವಲ್ಲವಾದ್ದರಿಂದ, ಪ್ರತಿಗಳು ಹೆಚ್ಚಿದ ಮಾತ್ರಕ್ಕೆ ಮೈಟೊಕಾಂಡ್ರಿಯಾವೂ ಹೆಚ್ಚಿದೆ ಎನ್ನಲಾಗದು. ಮೇಲಾಗಿ, ಮನುಷ್ಯರಲ್ಲಿ 16,569 ಬೇಸ್ ಜೋಡಿಗಳಿರುವ ಈ ಡಿಎನ್‌ಎಯನ್ನು ಹೋಲುವ ತುಣುಕುಗಳು ಕೋಶಕೇಂದ್ರದ ಜೀನೋಮ್‌ನಲ್ಲಿಯೂ ಸೇರಿಕೊಂಡಿರುವುದರಿಂದ, ಪ್ರೈಮರ್‌ಗಳನ್ನು (ಯಾವ ಡಿಎನ್‌ಎ ಭಾಗವನ್ನು ವರ್ಧಿಸಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳನ್ನು) ಎಚ್ಚರಿಕೆಯಿಂದ ಆರಿಸದಿದ್ದರೆ ಎಣಿಕೆಯೇ ತಪ್ಪುತ್ತದೆ. ನಾನಾದರೆ ಮೈಟೊಕಾಂಡ್ರಿಯಾದೊಳಗೆ ಇರುವ ಸಿಟ್ರೇಟ್ ಸಿಂಥೇಸ್ ಕಿಣ್ವದ ಚಟುವಟಿಕೆಯನ್ನು ಅಳೆಯುತ್ತೇನೆ. ಈ ಕಿಣ್ವದ ಕ್ರಿಯೆಯಲ್ಲಿ ಬಿಡುಗಡೆಯಾದ ಕೋಎನ್‌ಜೈಮ್ ಎ ಎಂಬ ಅಣು ಡಿಟಿಎನ್‌ಬಿ ಎಂಬ ರಾಸಾಯನಿಕದೊಂದಿಗೆ ವರ್ತಿಸಿದಾಗ ಮೂಡುವ ಹಳದಿ ಬಣ್ಣವನ್ನು 412 ನ್ಯಾನೋಮೀಟರ್ ತರಂಗಾಂತರದಲ್ಲಿ ಓದಿ, ಒಟ್ಟು ಪ್ರೋಟೀನಿನಿಂದ ಭಾಗಿಸಬೇಕು.

ಉತ್ತರ 2: ಒಪ್ಪುತ್ತೇನೆ, ಆದರೆ ಕಿಣ್ವದ ಜೊತೆಗೆ ಮೈಟೊಕಾಂಡ್ರಿಯಾದ ಹೊರಪೊರೆಯ ಟಾಮ್20 ಪ್ರೋಟೀನನ್ನೂ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರತಿಕಾಯಗಳಿಂದ ಪ್ರೋಟೀನ್ ಗುರುತಿಸುವ ವಿಧಾನ) ನೋಡುವುದು ಒಳ್ಳೆಯದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೋಶದಲ್ಲಿ ಮೈಟೊಕಾಂಡ್ರಿಯಾ ತುಂಬಿದ ಗಾತ್ರವನ್ನೇ ತೋರಿಸುತ್ತದೆಯಾದರೂ, ಮಾದರಿಯನ್ನು ತಾಜಾ ಇರುವಾಗಲೇ ರಾಸಾಯನಿಕಗಳಿಂದ ಸ್ಥಿರೀಕರಿಸಿರಬೇಕು. ನಿಮ್ಮ ಮಾದರಿಗಳು ಈಗಾಗಲೇ ಘನೀಕರಿಸಿರುವುದರಿಂದ ಆ ಕಾಲ ಮೀರಿದೆ.

ಪ್ರಶ್ನೆ ಕೇಳಿದವರು: ಹಾಗಾದರೆ ಮೈಟೊಕಾಂಡ್ರಿಯಾಕ್ಕೆ ಅಂಟಿ ಹೊಳೆಯುವ ಮೈಟೊಟ್ರ್ಯಾಕರ್‌ನಂತಹ ಬಣ್ಣಗಳು?

ಉತ್ತರ 1: ಅವು ಮುಖ್ಯವಾಗಿ ಜೀವಂತ ಕೋಶಗಳಿಗೆ. ಅಲ್ಲಿಯೂ ಹಲವು ಬಣ್ಣಗಳು ಒಳಪೊರೆಯ ವಿಭವವನ್ನು (ಪೊರೆಯ ಎರಡು ಬದಿಗಳ ನಡುವಿನ ವಿದ್ಯುತ್ ವ್ಯತ್ಯಾಸವನ್ನು) ಅವಲಂಬಿಸಿ ಸೇರುವುದರಿಂದ, ಪ್ರಮಾಣವನ್ನೂ ಆರೋಗ್ಯವನ್ನೂ ಬೇರ್ಪಡಿಸುವುದು ಕಷ್ಟ.